ಮುಳ್ಳಯ್ಯನಗಿರಿ ಒಂದು ಕಾಲಕ್ಕೆ ಸಮುದ್ರದ ತಳ

ಈ ಸಲ ಕಾಫಿ ರೇಟು, ಕಾಯಿಕೊರಕ ಎರಡನ್ನೂ ಬಿಟ್ಟು ಕಲ್ಲಿನ ವಿಷಯ ಬರೀತಿದ್ದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

2019ರ ಆಗಸ್ಟ್ ಮಳೆಯನ್ನ ನಮ್ಮ ಮೂಡಿಗೆರೆ ಕಡೆಯವರು ಯಾರೂ ಮರೆಯೋಕಾಗಲ್ಲ. ನನ್ನ ತೋಟದ ಮೇಲಿನ ಧರೆ ಕುಸಿದು ಅರ್ಧ ಎಕರೆ ರೋಬಸ್ಟಾ ಮೆಣಸಿನ ಬಳ್ಳಿ ಸಮೇತ ಹಳ್ಳಕ್ಕೆ ಹೋಯ್ತು. ಅದಕ್ಕೆ ಎರಡು ವರ್ಷ ಮುಂಚೆ ಅಲ್ಲೇ ಜೆಸಿಬಿ ತರಿಸಿ ಜೀಪ್ ಹೋಗೋಕೆ ರಸ್ತೆ ಕಡಿಸಿದ್ದೆ. ಕಡಿದಾಗ ಒಳಗೆ ಕಂಡಿದ್ದು ಇನ್ನೂ ಕಣ್ಣಲ್ಲಿದೆ. ತಲೆಗಾತ್ರದ ಕಲ್ಲು, ಮುಷ್ಟಿಗಾತ್ರದ ಕಲ್ಲು, ಕೆಂಪು ಮಣ್ಣು, ಕೊಳೆತ ಮರದ ತುಂಡು, ಎಲ್ಲಾ ಒಟ್ಟಿಗೆ ಕಲಸಿಹೋಗಿತ್ತು. "ಕಲ್ಲಿದೆ, ಗಟ್ಟಿ ಜಾಗ, ಕಡಿಯಪ್ಪ" ಅಂತ ಆಪರೇಟರ್‌ಗೆ ಹೇಳಿದವನು ನಾನೇ.

ಕುಸಿದ ಮೇಲೆ ಕಲ್ಲಿನ ವಿಷಯ ಬಲ್ಲ ಒಬ್ಬರು ಬಂದು ನೋಡಿದರು. "ನೀರು ತಂದು ಹಾಕಿದ್ದರೆ ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಪದರವಾಗಿ ಕೂತಿರೋದು. ಇಲ್ಲಿ ಪದರವೇ ಇಲ್ಲ ನೋಡಿ. ಹಿಂದೆ ಯಾವಾಗಲೋ ಜಾರಿ ಬಂದು ನಿಂತ ಮಣ್ಣು ಇದು. ಅದರ ಬುಡವನ್ನೇ ನೀವು ಕಡಿಸಿದ್ದೀರಿ" ಅಂದರು. ಆ ಮಾತು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಕಲ್ಲು ಓದೋ ಹುಚ್ಚು ಹಿಡೀತು.

ಓದೋ ಕ್ರಮ ನಮಗೆ ಗೊತ್ತಿಲ್ಲದ್ದೇನಲ್ಲ. ಮಳೆ ನಿಂತ ಮೇಲೆ ಹಳ್ಳಕ್ಕೆ ಇಳಿದು ನೋಡಿ. ರಭಸ ಇರೋ ಕಡೆ ಗುಂಡುಕಲ್ಲು, ತಿರುವಿನಲ್ಲಿ ಮರಳು, ನೀರು ನಿಂತ ಗದ್ದೆಯಲ್ಲಿ ನುಣ್ಣನೆ ಗೋಡು. ನೀರು ಹೋದ ಮೇಲೂ ಅದರ ಓಟ ಎಷ್ಟಿತ್ತು ಅಂತ ಹೂಳೇ ಹೇಳುತ್ತೆ. ಇದೇ ಹೂಳು ಕಲ್ಲಾದರೆ ಶಾಲೆಯಲ್ಲಿ ಓದಿದ ಕಣಶಿಲೆ. ಭೂವಿಜ್ಞಾನಿಗಳು ಅದನ್ನ ನೋಡಿ ಇಲ್ಲಿ ಹೊಳೆ ಇತ್ತೋ, ಸಮುದ್ರ ಇತ್ತೋ ಅಂತ ಹೇಳ್ತಾರೆ. ಹೂಳು ದಪ್ಪವಾಗಿ ಕೂರಬೇಕಾದರೆ ಬೋಗುಣಿಯಂಥ ತಗ್ಗು ಬೇಕು. ತುಂಬಿದ ಹಾಗೇ ಅದರ ತಳ ಕುಸೀತಾನೂ ಇರಬೇಕು. ಇಲ್ಲದಿದ್ದರೆ ಬೇಗ ತುಂಬಿ ಮುಗಿದುಹೋಗುತ್ತೆ.

ಅಂಥ ಒಂದು ತಗ್ಗೇ ಇವತ್ತಿನ ನಮ್ಮ ಚಂದ್ರದ್ರೋಣ ಸಾಲು, ಬಾಬಾಬುಡನ್‌ಗಿರಿ. ಅಷ್ಟು ಎತ್ತರದ ಬೆಟ್ಟ ತಗ್ಗಾಗಿತ್ತು ಅಂತ ಒಪ್ಪೋಕೆ ಪಂಡಿತರಿಗೇ ಬಹಳ ಕಾಲ ಹಿಡೀತು.

1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋರು ಇಂಥ ಶಿಲೆಗಳು ನೈಸ್ ಬಂಡೆಗಿಂತ ಬೇರೆ ಅಂತ ಗುರುತಿಸಿ ಧಾರವಾಡ ಅಂತ ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾಯ್ತು. ಮುಂದೆ ಅದರ ಮುಖ್ಯಸ್ಥರಾದ ಸ್ಮೀತ್ ಸಾಹೇಬರು ಇವೆಲ್ಲಾ ಮೂಲತಃ ಅಗ್ನಿಶಿಲೆಗಳೇ ಅಂದರು. ಗುಂಡುಕಲ್ಲು ತುಂಬಿದ ಬಂಡೆ ಕೂಡ ಹೊಳೆ ತಂದದ್ದಲ್ಲ, ಭೂಮಿಯ ಒತ್ತಡಕ್ಕೆ ಬಂಡೆ ಒಡೆದು ಹಾಗಾಗಿದೆ ಅಂತ ಅವರ ವಾದ. ಅವರನ್ನ ಪೂರ್ತಿ ದೂರೋ ಹಾಗಿಲ್ಲ. ಕೋಟ್ಯಂತರ ವರ್ಷ ಬೆಂದು ನುಗ್ಗಾದ ಕಲ್ಲಿನಲ್ಲಿ ಹಳೇ ಗುರುತು ಸುಲಭಕ್ಕೆ ಸಿಗಲ್ಲ. ಆದರೆ ಮುಖ್ಯಸ್ಥರ ಮಾತು ಬಹಳ ವರ್ಷ ನಡೀತು.

ಅದನ್ನ ತಿದ್ದಿದವರು ಮತ್ತೆ ಬೆಟ್ಟಕ್ಕೇ ಹೋಗಿ ನೋಡಿದ ನಮ್ಮವರು. ಅದೇ ಇಲಾಖೆಯ ಬಿ. ರಾಮರಾವ್ ಒಬ್ಬರು, ಸಿ.ಎಸ್. ಪಿಚ್ಚಮುತ್ತು ಇನ್ನೊಬ್ಬರು. ಆಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಅಂತ ಹೆಸರು. ಪಿಚ್ಚಮುತ್ತು 1935ರಲ್ಲಿ ಕಲ್‌ದುರ್ಗದ ಗುಂಡುಕಲ್ಲಿನ ಬಂಡೆ ಬಗ್ಗೆಯೇ ದೊಡ್ಡ ಲೇಖನ ಬರೆದರು. ಅದರಲ್ಲಿರೋ ಕಲ್ಲುಗಳು ಒಂದೇ ಜಾತಿಯವಲ್ಲ. ಇದ್ದಲ್ಲೇ ಒಡೆದಿದ್ದರೆ ಒಂದೇ ಜಾತಿ ಇರಬೇಕಿತ್ತು. ಬೇರೆ ಬೇರೆ ಕಡೆಯ ಕಲ್ಲು ಒಂದೇ ಕಡೆ ಸೇರಬೇಕಾದರೆ ಯಾರೋ ಹೊತ್ತು ತಂದಿರಬೇಕು. ಹೊತ್ತು ತಂದದ್ದು ನೀರು.

1981ರ ಹೊತ್ತಿಗೆ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಈ ಪದರಗಳಿಗೆಲ್ಲಾ ನಮ್ಮ ಊರುಗಳ ಹೆಸರೇ ಕೊಟ್ಟು ಜೋಡಿಸಿದರು. ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. (ಕಳಸಾಪುರ ಚಿಕ್ಕಮಗಳೂರು ಹತ್ತಿರದ್ದು, ನಮ್ಮ ಕಳಸ ಅಲ್ಲ.)

ಈಗ ಕೆಳಗಿನಿಂದ ಓದ್ಕೊಂಡು ಬನ್ನಿ. ತಳದಲ್ಲಿ 300 ಕೋಟಿ ವರ್ಷ ದಾಟಿದ ನೈಸ್ ಬಂಡೆ. ಅದರ ಮೇಲೆ ಕರ್ತಿಕೆರೆ ಹತ್ತಿರ ಬೆಣಚುಕಲ್ಲಿನ ಗುಂಡುಗಳು ತುಂಬಿದ ಪದರ. ಆಮೇಲೆ ಮರಳು ಗಟ್ಟಿಯಾದ ಕಲ್ಲು, ಅದರಲ್ಲಿ ಭದ್ರಾ ದಂಡೆಯ ಮರಳಿನಲ್ಲಿ ಕಾಣೋ ಹಾಗೇ ಅಲೆಯ ಗೆರೆಗಳು. ಒಳಗೆ ಓರೆಯಾಗಿ ಕೂತ ಸಣ್ಣ ಪದರಗಳು ನೀರು ಯಾವ ಕಡೆ ಹರೀತಿತ್ತು ಅಂತಲೂ ಹೇಳ್ತವೆ. ಆರ್. ಶ್ರೀನಿವಾಸನ್ ಮತ್ತು ಅಮೆರಿಕದ ಒಜಕಂಗಸ್ 1986ರಲ್ಲಿ ಇವನ್ನ ಓದಿ, ಕವಲು ಕವಲಾಗಿ ಹರಿದ ಹೊಳೆ, ಆಮೇಲೆ ಆಳವಿಲ್ಲದ ಸಮುದ್ರ ಅಂತ ತೋರಿಸಿದರು. ಮಧ್ಯೆ ಮಧ್ಯೆ ಲಾವಾ ಹರಿದ ಪದರಗಳೂ ಇವೆ. ಎಲ್ಲದರ ಮೇಲೆ, ನಾವು ಹತ್ತಿ ಫೋಟೋ ತೆಗೆಸಿಕೊಳ್ಳೋ ತುದಿಯಲ್ಲಿ, ಕಬ್ಬಿಣ ಮತ್ತು ಸಿಲಿಕಾ ಪಟ್ಟೆ ಪಟ್ಟೆಯಾಗಿ ಕೂತ ಕಲ್ಲು. ಅದು ಅಲೆ ತಾಗದ ಶಾಂತ ನೀರಿನ ತಳದ್ದು. ಅದರ ಬುಡದಲ್ಲಿ ಸಿಕ್ಕ ಜಿರ್ಕಾನ್ ಹರಳಿನಿಂದ 1997ರಲ್ಲಿ ಟ್ರೆಂಡಾಲ್ ಮತ್ತು ಜೊತೆಗಾರರು ಲೆಕ್ಕ ಹಾಕಿದ ವಯಸ್ಸು 272 ಕೋಟಿ ವರ್ಷ.

ಇನ್ನೊಂದು ವಿಷಯ. ಬುಡದ ಗುಂಡುಕಲ್ಲಿನ ಪದರದಲ್ಲಿ ಹೊಳೆ ಹೊತ್ತು ತಂದ ಪೈರೈಟ್ ಕಾಳುಗಳಿವೆ, ಕಬ್ಬಿಣ-ಗಂಧಕ ಸೇರಿದ ಹೊಳೆಯೋ ಖನಿಜ. ಇವತ್ತಿನ ಹೊಳೆಯಲ್ಲಾದರೆ ಅದು ತುಕ್ಕು ಹಿಡಿದು ಕರಗಿಹೋಗೋದು. ಉಳಿದಿದೆ ಅಂದ್ರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನೋವಷ್ಟು ಕಡಿಮೆ. ಅದಕ್ಕೇ ಕಬ್ಬಿಣವೂ ಸಮುದ್ರದ ನೀರಿನಲ್ಲಿ ಕರಗಿಕೊಂಡೇ ಇತ್ತು. ಹಾಗೆ ತಳಕ್ಕೆ ಕೂತ ಕಬ್ಬಿಣವನ್ನೇ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ ಕಳಿಸಿದ್ದು. ಇದೇ ಗುಂಪಿನ ಕುದುರೆಮುಖದ ಅದಿರನ್ನ 1913ರಲ್ಲಿ ಪಿ. ಸಂಪತ್ ಅಯ್ಯಂಗಾರ್ ಗುರುತಿಸಿದರು. 1976ರಲ್ಲಿ ಕಂಪನಿ ಬಂತು, 2005ರ ಕೊನೆಗೆ ಗಣಿ ನಿಂತಿತು. ಕಳಸದವರಿಗೆ ಆ ಕಥೆ ನಾನು ಹೇಳಬೇಕಿಲ್ಲ.

ನನಗೆ ಇದರಿಂದ ಏನು ಸಿಕ್ತು? ಹೋದ ಅರ್ಧ ಎಕರೆ ವಾಪಸ್ ಬರಲಿಲ್ಲ. ಆದರೆ ಸ್ಮೀತ್ ಸಾಹೇಬರಂಥವರೇ ಕಲ್ಲು ಎದುರಿಗಿದ್ದೂ ತಪ್ಪು ಓದಿದರು ಅಂದ ಮೇಲೆ ನನ್ನ ತಪ್ಪಿಗೆ ನಾಚಿಕೆ ಸ್ವಲ್ಪ ಕಡಿಮೆ ಆಯ್ತು. ಎರಡನೇ ಸಲ ನೋಡದೇ ಇದ್ದರೆ ಮಾತ್ರ ನಾಚಿಕೆ. ಕುಸಿದ ಜಾಗಕ್ಕೆ ಈಗ ರಸ್ತೆ ಇಲ್ಲ. ಮೇಲಿನ ನೀರನ್ನ ಚರಂಡಿ ಮಾಡಿ ಪಕ್ಕಕ್ಕೆ ತಿರುಗಿಸಿ, ಬುಡಕ್ಕೆ ಕಾಡುಜಾತಿ ಮರ ಹಾಕಿದ್ದೀನಿ.

ನೀವೂ ಜೆಸಿಬಿ ಕರೆಸೋ ಮುಂಚೆ ಗುದ್ದಲಿಯಲ್ಲಿ ಒಂದಾಳುದ್ದ ಧರೆ ಕೆರೆದು ನೋಡಿ. ಪದರ ಇದೆಯಾ, ಕಲಸಿದೆಯಾ? ಕಲಸಿದ್ದರೆ ಅಲ್ಲಿ ಕಡಿಸಬೇಡಿ, ಮೊದಲು ತಿಳಿದವರನ್ನ ಕರೆದು ತೋರಿಸಿ. ನಿಮ್ಮ ಧರೆಯಲ್ಲಿ ಏನು ಕಂಡಿತು ಅಂತ ನನಗೂ ತಿಳಿಸಿ.