ಅರ್ಧ ಟನ್‌ನಿಂದ ಅಂಗೈಗೆ

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯ ತ್ರಿಕೋನ ಸರ್ವೆಗೆ ಕೈಹಾಕಿದ. ಬೆಟ್ಟದ ನೆತ್ತಿಗಳೇ ಅವನಿಗೆ ಗುರುತು. ಮುಂದೆ ಅವನ ತಂಡ ಹೊತ್ತು ತಿರುಗಿದ ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು.

1989ರಲ್ಲಿ ಮಾರುಕಟ್ಟೆಗೆ ಬಂದ ಮೆಗೆಲನ್ ಕಂಪನಿಯ ಕೈ ಜಿಪಿಎಸ್ ಒಂದು ಕೆಜಿಯೂ ಇರಲಿಲ್ಲ. ಆದರೆ ಅಮೆರಿಕ ಉಪಗ್ರಹ ಸಿಗ್ನಲ್ಲಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷದಿಂದ ಜಾಗ ನೂರು ಮೀಟರಿನಷ್ಟು ತಪ್ಪುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ದೋಷ ನಿಂತಿತು. ಚಾರಣಿಗರಿಗೆ ಕಾಲುದಾರಿಯೇ ಸಿಕ್ಕಿತು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಮದಲಿಂಗನ ಕಣಿವೆಯಲ್ಲಿ ಗುಡ್ಡದ ನೆತ್ತಿಗೇರಿದರೆ ಆಕಾಶ ತೆರೆದಿರುತ್ತದೆ. ಮೊಬೈಲ್ ನೆಟ್‌ವರ್ಕ್ ಇಲ್ಲದಿದ್ದರೂ ಉಪಕರಣ ದಾರಿ ತೋರಿಸುತ್ತದೆ. ಮಲೆನಾಡಿನ ದಟ್ಟ ಕಾಡಲ್ಲಿ, ಕಡಿದಾದ ಕೊರಕಲಲ್ಲಿ ಮಾತ್ರ ಸಿಗ್ನಲ್ ಸೊರಗುತ್ತದೆ.

ಬ್ಯಾಟರಿ ಮುಗಿದರಂತೂ ಕೈಯಲ್ಲಿ ನಕಾಶೆ, ದಿಕ್ಸೂಚಿ ಬೇಕೇ ಬೇಕು.