ಸಾಕ್ಷಿ ಹೇಳುವವನು ವಕೀಲನಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಕೆಲಸದ ಮೇಲೆ ಅಫಜಲಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮನೆಯ ರೂಢಿಯಂತೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದೆ. ಎದುರಿಗೆ ಕೂತಿದ್ದ ಹಿರಿಯರು, "ಯಾಕ್ರೀ, ಆರಾಮ ಇಲ್ಲೇನ್ರಿ?" ಅಂತ ಕೇಳಿದರು.

"ಹೂಂ ರೀ, ತಲಿ ನೋವ್ರಿ" ಅಂದುಬಿಟ್ಟೆ!

ಪಾಪ, ಅವರು ನನಗಾಗಿ ಒಂದು ಕಪ್ ಚಹಾ ತರಿಸಿದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಪ್ರಾರ್ಥನೆ ಮಾಡಿದೆ ಅನ್ನುವ ಎರಡು ಪದ ಹೇಳಲು ಆಗದೆ ಸುಳ್ಳು ಹೇಳಿದ್ದೆನಲ್ಲ... ಬೈಬಲ್ಲಿನ ಪೇತ್ರನ ಕತೆಯಲ್ಲಿ ಕೋಳಿ ಕೂಗುತ್ತದೆ. ನನ್ನ ಕತೆಯಲ್ಲಿ ಕೋಳಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಮತ್ತೆ ಯಾಕೆ ಸುಳ್ಳು ಹೇಳಿದೆ? ಈ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ಸೀಮೆಯ ಇತಿಹಾಸವನ್ನು ಒಂದಿಷ್ಟು ಓದಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಹೊಳೆಗಳ ಮಾತು. ಆಳಂದ ತಾಲೂಕಿನ ಕಡೆಯಿಂದ ಬರುವ ಅಮರ್ಜಾ, ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಹರಿಯುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಕಟ್ಟಿಸಂಗಾವಿ ಸೇತುವೆ ಮೇಲೆ ಅದನ್ನು ದಾಟುತ್ತಾರೆ. ಈ ನೀರಿನ ದಾರಿಯಲ್ಲಿ ಯಾರೂ ತಮ್ಮ ಭಕ್ತಿಯನ್ನು ಮುಚ್ಚಿಟ್ಟುಕೊಂಡವರಲ್ಲ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ. ಗಾಣಗಾಪುರದಲ್ಲಿ ದತ್ತಾತ್ರೇಯನ ಹೆಸರು ಹೇಳಿ ಮನೆಮನೆಗೆ ಹೋಗಿ ಮಧುಕರಿ ಬೇಡುವ ಭಕ್ತರು. ಜೇವರ್ಗಿಯಲ್ಲಿ 'ಅಖಂಡೇಶ್ವರ' ಎಂಬ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದ ಷಣ್ಮುಖ ಶಿವಯೋಗಿ. ಇನ್ನು ಪಕ್ಕದ ಬಸವಕಲ್ಯಾಣ ಗೊತ್ತೇ ಇದೆ. 12ನೇ ಶತಮಾನದ ಶರಣರು ಕೂಡಿ ಮಾತಾಡಿದ ಜಾಗಕ್ಕೆ ಜನ ಇಟ್ಟುಕೊಂಡ ಹೆಸರು ಅನುಭವ ಮಂಟಪ. ವಾದ ಮಂಟಪ ಅಲ್ಲ, ಗಮನಿಸಿ. ನಂಬಿದ್ದನ್ನು ನಾಲ್ಕು ಜನರ ಮುಂದೆ ಹೇಳುವುದು ಈ ಮಣ್ಣಿಗೆ ಹೊರಗಿನಿಂದ ಬಂದ ಚಟವೇನಲ್ಲ.

ಹಾಗಾದರೆ ಏಸುವಿನ ಮಾತು ಕನ್ನಡದಲ್ಲಿ ಹೇಗೆ ಬಂತು? ನಮ್ಮ ಭಾಗ ಆಗ ನಿಜಾಮರ ರಾಜ್ಯದಲ್ಲಿತ್ತು. ಕನ್ನಡ ಬೈಬಲ್ಲಿನ ಕೆಲಸ ನಡೆದದ್ದು ಬ್ರಿಟಿಷರ ಕೈಯಲ್ಲಿದ್ದ ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್ನಿನವರು. 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದ ಮೊಗ್ಲಿಂಗ್, ಸುವಾರ್ತೆ ಹೇಳಲು ಬಂದವನು, ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ. 1853ರಲ್ಲಿ ಬಂದ ಕಿಟೆಲ್, 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಏಸುವಿನ ಕತೆಯನ್ನು ಕನ್ನಡ ಪದ್ಯದಲ್ಲಿ ಬರೆದ. 1894ರಲ್ಲಿ ಅವನ ನಿಘಂಟು ಬಂತು. ಅದು ನಮಗೆಲ್ಲ ಗೊತ್ತಿರುವುದೇ.

ಅವರದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಸಂತೆಯಲ್ಲಿ ನಿಂತು ಇನ್ನೊಬ್ಬರ ದೇವರನ್ನು ಹೀಗಳೆದ ಮಿಷನರಿಗಳೂ ಇದ್ದರು. ಹಾಗೆ ಹೀಗಳೆದ ಮಾತು ಯಾರ ಎದೆಗೂ ಇಳಿಯುವಂಥದ್ದಲ್ಲ. ಆದರೆ ಉಳಿದದ್ದು ಏನು ನೋಡಿ: ನಿಘಂಟು, ಪದ್ಯ, ಪತ್ರಿಕೆ. ಹೇಳಲು ಬಂದವರು ಮೊದಲು ಕೇಳಿಸಿಕೊಳ್ಳಬೇಕಾಯಿತು. ಕೇಳಿಸಿಕೊಂಡದ್ದೇ ಉಳಿಯಿತು.

ಈ ಕೇಳಿಸಿಕೊಂಡ ಗುರುತು ನಮ್ಮ ಕನ್ನಡ ಬೈಬಲ್ಲಿನಲ್ಲೂ ಇದೆ. ಅದರಲ್ಲಿರುವ ಪದ 'ದೀಕ್ಷಾಸ್ನಾನ'. ದೀಕ್ಷೆ ಎಂಬ ಪದಕ್ಕೆ ಲಿಂಗಾಯತರ ಮನೆಯಲ್ಲಿ ಏನು ತೂಕ ಇದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಪದ 'ಸಾಕ್ಷಿ'. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಹಾಡು ಮುಗಿದ ಮೇಲೆ ಯಾರಾದರೂ ಎದ್ದು ನಿಂತು 'ಸಾಕ್ಷಿ ಹೇಳುತ್ತಾರೆ'. ಮಗುವಿಗೆ ಜ್ವರ ಬಿಟ್ಟದ್ದು, ಗಂಡ ಕುಡಿತ ಬಿಟ್ಟದ್ದು, ಯಾವುದೂ ಬಿಡದಿದ್ದರೂ ಮನಸ್ಸಿಗೆ ಸಮಾಧಾನ ಸಿಕ್ಕದ್ದು. ಚಿಕ್ಕವನಿದ್ದಾಗ ನನಗೆ ಸಾಕ್ಷಿ ಅಂದರೆ ಜಮೀನಿನ ತಕರಾರು, ಕೋರ್ಟು ಅಂತಲೇ ತಿಳಿವಳಿಕೆ. ಈಗ ಅನ್ನಿಸುತ್ತದೆ, ಆ ತಿಳಿವಳಿಕೆ ತಪ್ಪೇನಲ್ಲ. ಕಟಕಟೆಯಲ್ಲಿ ನಿಂತ ಸಾಕ್ಷಿ ತಾನು ಕಂಡದ್ದನ್ನಷ್ಟೇ ಹೇಳಬೇಕು. ಕೇಸು ಗೆಲ್ಲಿಸುವುದು ಅವನ ಕೆಲಸ ಅಲ್ಲ, ತೀರ್ಪು ಕೊಡುವುದಂತೂ ಅಲ್ಲವೇ ಅಲ್ಲ.

ಇದನ್ನು ಚೆನ್ನಾಗಿ ಅರಿತವರು ಸ್ಟ್ಯಾನ್ಲಿ ಜೋನ್ಸ್. 1907ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥೋಡಿಸ್ಟ್ ಮಿಷನರಿ. (ಬೀದರ್, ಕಲಬುರಗಿ ಕಡೆ ಕೆಲಸ ಮಾಡಿದ್ದೂ ಮೆಥೋಡಿಸ್ಟರೇ.) ಬೇರೆ ಬೇರೆ ಧರ್ಮದವರನ್ನು ಒಟ್ಟಿಗೆ ಕೂರಿಸಿ ಅವರು ಕೇಳುತ್ತಿದ್ದದ್ದು ಇಷ್ಟೇ: ವಾದ ಬೇಡ, ನಿಮ್ಮ ಧರ್ಮ ನಿಮ್ಮ ಬದುಕಿನಲ್ಲಿ ಏನು ಮಾಡಿದೆ ಹೇಳಿ. ಆ ದುಂಡುಮೇಜಿನ ಕೂಟಗಳ ಬಗ್ಗೆ 1928ರಲ್ಲಿ ಅವರ ಪುಸ್ತಕವೇ ಬಂತು. ಓದಿದಾಗ ನನಗೆ ಕಂಡದ್ದು ಕಲ್ಯಾಣದ ಅನುಭವ ಮಂಟಪದ ನೆರಳು!

ಈಗ 1948ಕ್ಕೆ ಬರೋಣ. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದರ ಜೊತೆಗೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳೂ. ಇದಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 3 ಮತ್ತು 6ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ ಒಂದು ಪದದ ಮೇಲೆ ಜಗ್ಗಾಟ ನಡೆಯಿತು. ಧರ್ಮವನ್ನು ಒಪ್ಪಿಕೊಳ್ಳುವ, ಆಚರಿಸುವ ಹಕ್ಕಿನ ಜೊತೆಗೆ 'ಪ್ರಚಾರ ಮಾಡುವ' ಹಕ್ಕೂ ಬೇಕೇ? ಬೇಡ ಎಂದವರಲ್ಲಿ ಲೋಕನಾಥ ಮಿಶ್ರ ಪ್ರಮುಖರು. ಇರಲಿ ಎಂದವರಲ್ಲಿ ಕೆ.ಎಂ. ಮುನ್ಷಿ. ಅದೇ ವರ್ಷ ಹೈದರಾಬಾದಿನಲ್ಲಿ ಭಾರತ ಸರಕಾರದ ಪ್ರತಿನಿಧಿಯಾಗಿದ್ದವರು ಅವರೇ! ಟಿ.ಟಿ. ಕೃಷ್ಣಮಾಚಾರಿ ಮಾತ್ರ ಸಾಕ್ಷಿಯ ಹಾಗೆ ಮಾತಾಡಿದರು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದೇನೆ, ನನ್ನನ್ನು ಮತಾಂತರ ಮಾಡುವ ಪ್ರಯತ್ನ ನಡೆಯಲಿಲ್ಲ ಅಂದರು. ಪದ ಉಳಿಯಿತು. ಇವತ್ತಿನ 25ನೇ ವಿಧಿಯಲ್ಲಿ ಅದು ಇದೆ.

ಆದರೆ ಮಾತಾಡುವ ಹಕ್ಕು ಸಿಕ್ಕ ಮಾತ್ರಕ್ಕೆ ಮಾತು ಬರುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗಷ್ಟೇ ಆ ಪಟ್ಟಿಯಲ್ಲಿ ಜಾಗ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರೂ ಮುಸ್ಲಿಮರೂ ಸೇರಲಿಲ್ಲ. ಈ ಬಗ್ಗೆ ಪರಿಶೀಲಿಸಲು 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಕೇರಿಯ ಹುಡುಗನೊಬ್ಬ ಬಾಯಿಬಿಟ್ಟು ನಾನು ಏಸುವಿನವನು ಅಂದರೆ ಹೋಗುವುದು ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ. ಕೇರಿಯ ಗೋಡೆಯೇನೂ ಅದರಿಂದ ಬೀಳುವುದಿಲ್ಲ. ಹಾಗಾಗಿ ಭಾನುವಾರ ಒಂದು ಹೆಸರು, ಸೋಮವಾರ ಶಾಲೆಯ ಹಾಜರಿಯಲ್ಲಿ ಇನ್ನೊಂದು ಹೆಸರು ಇರುವ ಮನೆಗಳಿವೆ. ಅವರನ್ನು ಹೇಡಿಗಳು ಅನ್ನಲು ನನಗೆ ಬಾಯಿಲ್ಲ. ನಾನಂತೂ ಬರೀ ಒಂದು ಕಪ್ ಚಹಾದ ಮುಂದೆ ಸುಳ್ಳು ಹೇಳಿದವನು.

ಕಾನೂನಿನ ಕತೆ ಅಲ್ಲಿಗೇ ನಿಲ್ಲಲಿಲ್ಲ. 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ನಿಮ್ಮ ಧರ್ಮದ ತತ್ವವನ್ನು ಬಿಡಿಸಿ ಹೇಳುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. 2022ರಲ್ಲಿ ಕರ್ನಾಟಕದಲ್ಲೂ ಮತಾಂತರ ತಡೆ ಕಾಯ್ದೆ ಬಂತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಟ್ಟಳೆ ಅದರಲ್ಲಿತ್ತು. 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಇಷ್ಟು ಕಡಿಮೆ ಇರುವವರು ಖಾನಾವಳಿಯಲ್ಲಿ ಕಣ್ಣು ಮುಚ್ಚುವ ಮುಂಚೆ ಒಮ್ಮೆ ಸುತ್ತ ನೋಡುವುದು ಸಹಜವೇ.

ಹಾಗಂತ ಇನ್ನೊಂದು ಕಡೆಯ ಸಿಟ್ಟೂ ನನಗೆ ಅರ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರ ಸಂಕಟ ನೋಡಿ ಧರ್ಮದ ಮಾತು ತೆಗೆಯುವವನು ಸಾಕ್ಷಿಯಲ್ಲ, ವ್ಯಾಪಾರಿ. ಕೇಳುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರಬೇಕು. ಅದು ಇದ್ದರೆ ಮಾತ್ರ ಹೇಳುವವನ ಸ್ವಾತಂತ್ರ್ಯಕ್ಕೂ ಬೆಲೆ.

ಕಳೆದ ವರ್ಷ ಜೇವರ್ಗಿಯಲ್ಲಿ ಮತ್ತೆ ಅಂಥದೇ ಪ್ರಸಂಗ. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ತೆಗೆದೆ. ಪಕ್ಕದಲ್ಲಿ ಕೂತವರು, "ಯಾಕ್ರೀ ಕಾಕಾ, ತಲಿ ಹಿಡ್ಕೊಂಡ್ ಕುಂತೀರಲ್ಲ?" ಅಂದರು. ಎದೆ ಡವಡವ ಅಂದದ್ದು ನಿಜ. ಆದರೂ ಹೇಳಿದೆ:

"ಪ್ರಾರ್ಥನಾ ಮಾಡ್ದೆ ರೀ. ನಾವು ಏಸುಸ್ವಾಮಿ ಮಂದಿ."

"ಹೌದೇನ್ರಿ?" ಅಂದವರು ಹಿಂಡಿಯ ಬಟ್ಟಲು ನನ್ನ ಕಡೆ ಸರಿಸಿದರು. ಆಮೇಲೆ ಪ್ರತಿ ಹುಣ್ಣಿಮೆಗೆ ತಾವು ಗಾಣಗಾಪುರಕ್ಕೆ ಹೋಗುವುದು, ಅಲ್ಲಿ ಸಂಗಮದಲ್ಲಿ ಮುಳುಗಿ ಏಳುವಾಗ ತೀರಿಹೋದ ತಾಯಿ ನೆನಪಾಗುವುದು, ಎಲ್ಲ ಹೇಳಿದರು. ನಾನು ಹೇಳಿದ್ದು ಎರಡು ಮಾತು, ಅವರು ಹೇಳಿದ್ದು ಇಪ್ಪತ್ತು. ಅವರೂ ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಆದರೆ ಈ ಸಲ ನಾನು ಸುಳ್ಳು ಹೇಳಿರಲಿಲ್ಲ. ಬಸ್ಸು ಕಟ್ಟಿಸಂಗಾವಿ ಸೇತುವೆ ದಾಟುವಾಗ ಕಿಟಕಿಯಿಂದ ಭೀಮೆಯನ್ನು ನೋಡಿದೆ. ಗಾಣಗಾಪುರದ ನೀರೇ ಅಲ್ಲವೇ ಇಲ್ಲಿಗೂ ಬಂದದ್ದು, ಅಂದುಕೊಂಡೆ.

ಹೇಳಬೇಕೆನಿಸಿತು, ಹೇಳಿದೆ ಗೆಳೆಯರೆ. ತೀರ್ಪು ನಿಮ್ಮದು.