ಕಲ್ಲೇರದ ಹೆಸರು: ಹುಣಸೂರು ಸೀಮೆಯ ಒಕ್ಕಲಿನ ಬಾಳು ಮತ್ತು ಸಾವು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನೊಳಗೊಂಡ ಸೀಮೆಯಲ್ಲಿ ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲೆಯ ನೀರು ಕುಡಿದು ಬೆಳೆದ ಬೇಸಾಯಕ್ಕೆ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯಿದ್ದರೂ, ಆ ಬೇಸಾಯ ಮಾಡಿದ ಒಕ್ಕಲು, ಎಂದರೆ ಮನೆಮಂದಿಯೊಡನೆ ನೆಲ ಉತ್ತು ಬದುಕಿದ ರೈತ, ಹೆಸರು ಹಿಡಿದು ಕಾಣಿಸಿಕೊಳ್ಳುವುದು ತೀರ ಅಪರೂಪ. ಅವನು ಕಾಣಿಸಿಕೊಂಡರೂ ಸಾಮಾನ್ಯವಾಗಿ ಸತ್ತ ಮೇಲೆಯೇ, ಅದರಲ್ಲೂ ಕಾದಾಡಿ ಸತ್ತಿದ್ದರೆ ಮಾತ್ರ.

ತುರುಗೋಳ್, ಎಂದರೆ ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋಗುವ ದಾಳಿ, ನಡೆದಾಗ ನೇಗಿಲು ಬಿಟ್ಟು ಕತ್ತಿ ಹಿಡಿದು ಮಡಿದವನಿಗೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ ಇರುವುದು ವಾಡಿಕೆ. ಅವನ ಮಕ್ಕಳಿಗೆ ನೆತ್ತರುಗೊಡಗೆ ಎಂಬ ಭೂಮಿ ಸಲ್ಲುತ್ತಿತ್ತು, ಅಂದರೆ ಸುರಿದ ರಕ್ತಕ್ಕೆ ಪ್ರತಿಯಾಗಿ ನೆಲ. ಹೆಣ್ಣಿನ ಹೆಸರು ಕಲ್ಲೇರಿದ್ದು ಇದಕ್ಕಿಂತಲೂ ಕಠೋರವಾದ ದಾರಿಯಲ್ಲಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ 1057ರ ಶಾಸನದ ಪ್ರಕಾರ, ನುಗುನಾಡಿನ ರವಿಗನ ಮಗಳು ದೇಕಬ್ಬೆ, ದಾಯಾದಿಯೊಬ್ಬನನ್ನು ಕೊಂದದ್ದಕ್ಕಾಗಿ ಗಂಡ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದ ಸುದ್ದಿ ತಿಳಿದು, ಹೆತ್ತವರು ಎಷ್ಟು ತಡೆದರೂ ಕೇಳದೆ ಕೊಂಡಕ್ಕೆ ಹಾಯ್ದಳು. ಕಲ್ಲು ನಿಲ್ಲಿಸಿದವನು ತಂದೆ. ಅವರು ನಾಡೊಡೆಯರ ಮನೆತನದವರು. ಅವರ ಹೊಲದಲ್ಲಿ ದುಡಿದವರಿಗೆ ಅಷ್ಟು ಅಕ್ಷರವೂ ದಕ್ಕಲಿಲ್ಲ.

ಹೀಗೆ ಕಲ್ಲೇರದವರ ಬಾಳನ್ನು ಹುಡುಕಬೇಕಾದದ್ದು ಕಣದಲ್ಲಿ. ಯುಗಾದಿಯ ಹೊತ್ತಿಗೆ ಹೊನ್ನಾರು ಎಂಬ ಮೊದಲ ಉಳುಮೆ ಕಟ್ಟಿ, ಮುಂಗಾರಿನಲ್ಲಿ ಕೂರಿಗೆಯಿಂದ ರಾಗಿ ಬಿತ್ತಿ, ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು ಹಾಕಿ, ಕಾಡಂಚಿನ ಊರುಗಳಲ್ಲಿ ಆನೆ ಹಂದಿಗಳಿಗೆ ಅಂಜಿ ಅಟ್ಟಣೆಯ ಮೇಲೆ ರಾತ್ರಿ ಕಳೆದು, ಕೊನೆಗೆ ಕೊಯ್ದ ಬೆಳೆಯನ್ನು ಸಗಣಿ ಸಾರಿಸಿದ ಕಣಕ್ಕೆ ತಂದು, ನಡುವಿನ ಮೇಟಿಕಂಬದ ಸುತ್ತ ದನ ತುಳಿಸಿ, ಗಾಳಿಗೆ ತೂರಿ ರಾಶಿ ಮಾಡುವುದರೊಳಗೆ ವರ್ಷವೇ ಮುಗಿಯುತ್ತಿತ್ತು. ಆದರೆ ಆ ರಾಶಿ ಇಡಿಯಾಗಿ ಅವನದಾಗಿರಲಿಲ್ಲ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತೋಟಿ, ಕಾಲುವೆಯ ನೀರು ಹಂಚುವ ನೀರುಗಂಟಿ ಮೊದಲಾದ ಆಯಗಾರರು ವರ್ಷದ ಕೆಲಸಕ್ಕೆ ಪ್ರತಿಯಾಗಿ ತಮ್ಮ ಆಯವನ್ನು, ಎಂದರೆ ಧಾನ್ಯದ ಪಾಲನ್ನು, ಕಣದಲ್ಲೇ ಅಳೆಸಿಕೊಂಡು ಹೋಗುತ್ತಿದ್ದರು. ನೆಲ ಇನ್ನೊಬ್ಬರದಾದರೆ ಬೆಳೆಯನ್ನು ಪಾಲು ಮಾಡುವ ವಾರವೋ ಗೊತ್ತಾದಷ್ಟು ಕೊಡುವ ಗುತ್ತಿಗೆಯೋ ಸಲ್ಲಬೇಕಿತ್ತು. ಸರ್ಕಾರದ ಕಂದಾಯ ಬೇರೆ. ಉಳಿದ ರಾಗಿ ಹಗೇವಿಗೆ ಇಳಿಯುತ್ತಿತ್ತು. ಹಗೇವೆಂದರೆ ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ, ಹುಲ್ಲು ಹೊದಿಸಿ ಮಣ್ಣಿನಿಂದ ಮುಚ್ಚುವ ನೆಲದೊಳಗಿನ ಕಣಜ. ಅದರಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದನ್ನು ತೆರೆದೊಡನೆ ಇಳಿದವನು ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸಾಯುವ ಅಪಾಯವಿದ್ದುದರಿಂದ, ಬಾಯಿ ತೆರೆದು ಹೊತ್ತು ಕಾದು, ದೀಪ ಇಳಿಬಿಟ್ಟು ನೋಡಿಯೇ ಇಳಿಯುತ್ತಿದ್ದರು. ಅನ್ನ ಕಾಯುವ ಗುಂಡಿಯೇ ಜೀವ ತೆಗೆಯಬಲ್ಲದೆಂಬ ಎಚ್ಚರ ಆ ಬದುಕಿನ ಭಾಗವಾಗಿತ್ತು.

ಹಾಸಿಗೆಯ ಮೇಲೆ ಸತ್ತ ಒಕ್ಕಲಿಗೆ ಕಲ್ಲಿನ ಬದಲು ದೊರೆತದ್ದು ಕರ್ಮಾಂತರ, ಎಂದರೆ ಸತ್ತ ಮೇಲಿನ ಕ್ರಿಯೆಗಳು. ಸಾವಿನ ಸುದ್ದಿಯನ್ನು ನೆಂಟರ ಊರೂರಿಗೆ ನಡೆದು ಮುಟ್ಟಿಸುವ ಹೊಣೆ ತೋಟಿಯದೋ, ಹಳೇಮಗನೆಂದು ಕರೆಸಿಕೊಳ್ಳುತ್ತಿದ್ದ ದಲಿತ ಮನೆಯವನದೋ ಆಗಿತ್ತು. ಅನೇಕ ಮನೆತನಗಳಲ್ಲಿ ತಮ್ಮ ಹೊಲದ ಅಂಚಿನಲ್ಲೇ ಹೂಳುವ ರೂಢಿಯಿತ್ತು; ಲಿಂಗವಂತರು ಹೆಣವನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತಿದ್ದರು. ಮೂರನೆಯ ದಿನ ಗುಡ್ಡೆಯ ಮೇಲೆ ಹಾಲುತುಪ್ಪ ಬಿಡುವುದು, ಹನ್ನೊಂದನೆಯ ದಿನ ತಿಥಿ ಮಾಡಿ ಊರಿಗೆ ಊಟ ಹಾಕುವುದು, ಪಿತೃಪಕ್ಷದಲ್ಲಿ ಎಡೆ ಇಡುವುದು ಈ ಸೀಮೆಯ ಬಹಳಷ್ಟು ಒಕ್ಕಲುಗಳಲ್ಲಿ ಇಂದಿಗೂ ಉಳಿದಿವೆ. ಬಡವನ ಮನೆಯಲ್ಲಿ ಈ ಊಟವೇ ಸಾಲವಾಗಿ, ಆ ಸಾಲಕ್ಕೆ ಮಗ ಧಣಿಯ ಮನೆಯಲ್ಲಿ ಜೀತಕ್ಕೆ ನಿಂತದ್ದೂ ಉಂಟು. ಸತ್ತವನ ಗೌರವಕ್ಕೆಂದು ಇದ್ದವನನ್ನು ಕಟ್ಟಿಹಾಕಿದ ಈ ಏರ್ಪಾಡನ್ನು ಹಳ್ಳಿಯ ಸೊಬಗೆಂದು ಹಾಡುವುದು ಸರಿಯಲ್ಲ.

ಕರ್ಮಾಂತರವೂ ದಕ್ಕದ ಸಾವುಗಳು 1876ರಿಂದ 1878ರವರೆಗಿನ ಬರದಲ್ಲಿ ಬಂದವು. ಹಗೇವುಗಳು ಬರಿದಾದಾಗ ಆಯಕ್ಕೂ ಕಾಳಿಲ್ಲ, ಎಡೆಗೂ ಕಾಳಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಷ್ಟು ಜನರಿಗೆ ಎಲ್ಲಿಯೂ ಕಲ್ಲು ನಿಲ್ಲಲಿಲ್ಲ.

ಸಾಯದೆಯೇ ಹೆಸರು ಬರೆಸಿಕೊಳ್ಳುವ ದಾರಿ ಪರರ ನೆಲ ಉಳುತ್ತಿದ್ದವನಿಗೆ ತೆರೆದದ್ದು ತೀರ ಈಚೆಗೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು, ಎಂದರೆ ಪರರ ನೆಲವನ್ನು ವಾರಕ್ಕೋ ಗುತ್ತಿಗೆಗೋ ಉಳುವ ಏರ್ಪಾಡನ್ನು, ತೆಗೆದುಹಾಕಿತು. ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತು ಗೆದ್ದ ಗೇಣಿದಾರನ ಹೆಸರು, ಅವನು ಉಳುತ್ತಿದ್ದ ನೆಲದ ಒಡೆಯನೆಂದು ಪಹಣಿಗೆ ಏರಿತು. ಆ ಕಾನೂನನ್ನು ತಂದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು.